ಅಜ್ಜ ಬೆಳಿಗ್ಗೆ ವಾಕಿಂಗ್ ಹೊರಟಿದ್ದರು

ದೊಡ್ಡಮಾವ: ಅಮೆರಿಕಕ್ಕೆ ಹೋಗುವವರೆಲ್ಲ ಈ ಹಳೇ ಸುದ್ದಿ ಓದಿ. 2015ರಲ್ಲಿ ಅಲಬಾಮಾದಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಹೋಗಿದ್ದ ಗುಜರಾತಿನ ಅಜ್ಜನನ್ನು ಪೊಲೀಸರು ನೆಲಕ್ಕೆ ಕೆಡವಿದರು. ಪಾಪ, ಕಪ್ಪು ಜನ ಅಂದುಕೊಂಡು ಹಾಗೆ ಮಾಡಿದ್ದಾರೆ. ಪಾಸ್‌ಪೋರ್ಟ್ ಝೆರಾಕ್ಸ್ ಯಾವಾಗಲೂ ಜೇಬಿನಲ್ಲಿರಲಿ.

ಚಿಕ್ಕಮ್ಮ: ಅಯ್ಯೋ ಅಣ್ಣ, ನೀವೇ ಮುಂದಿನ ತಿಂಗಳು ಮಗಳ ಬಾಣಂತನಕ್ಕೆ ಹೊರಟಿದ್ದೀರಿ. ಅತ್ತಿಗೆಗೆ ತೋರಿಸಬೇಡಿ.

ನಾನು: ಮಾವ, ಒಂದು ಮಾತು ಕೇಳಲಾ? ‘ಕಪ್ಪು ಜನ ಅಂದುಕೊಂಡು’ ಅಂದಿರಿ. ಅಲ್ಲಿ ನಿಜವಾಗಿ ಕಪ್ಪು ಅಜ್ಜನೇ ನಡೆಯುತ್ತಿದ್ದರೆ ಕೆಡವಿದ್ದು ಸರಿಯಾಗುತ್ತಿತ್ತಾ?

ಆ ಗುಜರಾತಿನ ಅಜ್ಜನಿಗೆ 57 ವರ್ಷ. ಮ್ಯಾಡಿಸನ್ ಅನ್ನುವ ಊರಿನಲ್ಲಿ, ಮಗನ ಮನೆ ಹತ್ತಿರವೇ ನಡೆಯುತ್ತಿದ್ದರು. ‘ಸಣಕಲು ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ’ ಅಂತ ಆ ಬೀದಿಯವರೊಬ್ಬರು ಫೋನ್ ಮಾಡಿದರು. ಕಳ್ಳತನ ಇಲ್ಲ, ಜಗಳ ಇಲ್ಲ. ‘ನೋ ಇಂಗ್ಲಿಷ್’ ಅಂದರು ಅಜ್ಜ. ಒಬ್ಬ ಅಧಿಕಾರಿ ಅವರನ್ನು ಮುಖ ಅಡಿಯಾಗಿ ಕೆಡವಿದ. ಕತ್ತಿಗೆ ಆಪರೇಷನ್ ಆಯಿತು, ಕೈಕಾಲಿನಲ್ಲಿ ಮುಂಚಿನ ಸ್ವಾಧೀನ ಉಳಿಯಲಿಲ್ಲ.

ದೊಡ್ಡಮಾವ: ಒಬ್ಬ ಪೊಲೀಸ್ ತಪ್ಪು ಮಾಡಿದ, ಸರಿ. ಗವರ್ನರೇ ಕ್ಷಮೆ ಕೇಳಿದ್ದಾರಲ್ಲಮ್ಮ. ಇಡೀ ವ್ಯವಸ್ಥೆಯನ್ನೇ ದೂರುವುದು ಜಾಸ್ತಿ ಆಯಿತು.

ನಾನು: ಕೇಳಿದರು, ಅದು ಸಣ್ಣ ಮಾತಲ್ಲ. ಪೊಲೀಸ್ ಮುಖ್ಯಸ್ಥರೂ ಕೇಳಿದರು. ಆದರೆ ಕೋರ್ಟಿನಲ್ಲಿ? ಪೊಲೀಸ್ ಕಾರಿನ ವಿಡಿಯೋ ಕಣ್ಣ ಮುಂದಿದ್ದರೂ ಎರಡು ಸಲ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ಗುಂಪು, ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಆ ಅಧಿಕಾರಿಯನ್ನು ಖುಲಾಸೆ ಮಾಡಿದರು. ಅವನಿಗೆ ಕೆಲಸವೂ ವಾಪಸ್ ಸಿಕ್ಕಿತು. ಫೋನ್ ಮಾಡಿದವರ ಭಯದಿಂದ ಕೋರ್ಟಿನವರೆಗೆ ಒಂದೇ ದಾರಿ, ಮಾವ. ಕಪ್ಪು ಜನ ದಿನಾ ನಡೆಯುವ ದಾರಿ ಅದು.

ಅದೇ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ 1963ರಲ್ಲಿ, ಮೆರವಣಿಗೆ ಹೊರಟ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟರು. ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದರು. ಆ ಹೋರಾಟದಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದರ ಬೆನ್ನಿಗೇ 1965ರ ವಲಸೆ ಕಾಯ್ದೆ. ಅಲ್ಲಿಯವರೆಗೆ ಅಮೆರಿಕಕ್ಕೆ ವಲಸೆ ಹೋಗಲು ಭಾರತದವರಿಗೆ ಇದ್ದ ಕೋಟಾ ವರ್ಷಕ್ಕೆ ಬರೀ 100 ಜನ. ನಮ್ಮ ಚಿಕ್ಕತಾತ ಅಲ್ಲಿಗೆ ಹೋಗಿದ್ದು ಆ ಮಕ್ಕಳು ತೆಗೆಸಿದ ಬಾಗಿಲಿನಿಂದ. ‘ನಾವು ಅವರಲ್ಲ’ ಅಂತ ಹೇಳಿ ತಪ್ಪಿಸಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಚಿಕ್ಕಮ್ಮ: ಆ ಅಜ್ಜನಿಗೆ ಏನೂ ಸಿಗಲಿಲ್ವಾ?

ನಾನು: 2021ರಲ್ಲಿ 17.5 ಲಕ್ಷ ಡಾಲರ್ ಪರಿಹಾರ ಕೊಟ್ಟರು. ಗಾಯ ಮಾಯಲು ಅಷ್ಟು ಸಾಲದು ಚಿಕ್ಕಮ್ಮ. ಪೊಲೀಸರಿಗೆ ಫೋನ್ ಮಾಡುವ ಮುಂಚೆ ‘ಯಾರ ಮನೆಗೆ ಬಂದಿದ್ದೀರಿ?’ ಅಂತ ಮಾತಾಡಿಸುವ ಅಕ್ಕಪಕ್ಕ ಇರಬೇಕು. ನಾನೂ ಇಲ್ಲಿ ಬಾಗಿಲಲ್ಲಿ ಕಪ್ಪು ಹುಡುಗ ನಿಂತಿದ್ದಾಗ ತೆರೆಯದೆ ಕೂತಿದ್ದೇನೆ. ಪಾರ್ಸೆಲ್ ತಂದಿದ್ದ, ಅಷ್ಟೇ. ಅದು ಇನ್ನೂ ಕಾಡುತ್ತದೆ.

ದೊಡ್ಡಮಾವ: ವಿಡಿಯೋ ಈಗ ಪೂರ್ತಿ ನೋಡಿದೆ. ನಾನೂ ಬೆಳಿಗ್ಗೆ ಎದ್ದು ಹಾಗೇ ನಡೆಯುವವನು. ಎಲ್ಲಾ ಪೊಲೀಸರೂ ಹಾಗೆ ಅಂತ ಈಗಲೂ ಒಪ್ಪುವುದಿಲ್ಲ. ಆ ‘ಅಂದುಕೊಂಡು’ ಅನ್ನುವ ಸಾಲನ್ನು ಮಾತ್ರ ತೆಗೆದು ಮತ್ತೆ ಹಾಕುತ್ತೇನೆ. ಝೆರಾಕ್ಸ್ ಇರಲಿ.

ನಾನು: ಇರಲಿ ಮಾವ. ಹೋದ ದಿನವೇ ಪಕ್ಕದ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಿ.