ಎಸಿ ಒಳಗಿನ ಯೂನಿಟ್‌ನಿಂದ ನೀರು ಇಳಿಯುತ್ತಿದೆ: ಪ್ರತಿ ವರ್ಷ ಗ್ಯಾಸ್ ತುಂಬಿಸಲೇಬೇಕೇ?

ಪ್ರಶ್ನೆ

ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, ತಂಪು-ಬಿಸಿ ಎರಡೂ ಕೊಡುವಂಥದ್ದು, ಆರ್‌32 ಗ್ಯಾಸ್, ಹಾಕಿಸಿ 4 ವರ್ಷ. ಆನ್ ಮಾಡಿದ ಅರ್ಧ ಗಂಟೆಗೆ ಒಳಗಿನ ಯೂನಿಟ್‌ನ ಮೂಲೆಯಿಂದ ಗೋಡೆ ಮೇಲೆ ನೀರು ಇಳಿಯುತ್ತದೆ. ಶುರುವಿನ ಐದು ನಿಮಿಷ ಮುಗ್ಗು ವಾಸನೆ. ಗಾಳಿಯ ರಭಸವೂ ಮೊದಲಿನಂತಿಲ್ಲ. ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯುತ್ತೇವೆ. ಸರ್ವಿಸ್‌ಗೆ ಬಂದವರು ಪ್ರತಿ ಸಲ "ಗ್ಯಾಸ್ ಕಮ್ಮಿಯಾಗಿದೆ" ಅನ್ನುತ್ತಾರೆ, ಎರಡು ಸಲ ತುಂಬಿಸಿಯೂ ಆಗಿದೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ ಯಾವುದು, ತಂತ್ರಜ್ಞರಿಗೇ ಬಿಡಬೇಕಾದ್ದು ಯಾವುದು? ಬಿಸಿ ಮೋಡ್‌ಗೆ ಹಾಕುವ ಮುಂಚೆ ಬೇರೇನಾದರೂ ನೋಡಬೇಕೇ?

ಉತ್ತರ 1

ಗ್ಯಾಸಿನ ಮಾತು ಆಮೇಲೆ. ಮೊದಲು ಒಂದು ಅಳತೆ ತೆಗೆದು ಇಲ್ಲಿ ಹಾಕಿ. ಕೂಲ್ ಮೋಡ್, 16 ಡಿಗ್ರಿ, ಫ್ಯಾನ್ ಹೈ. 20 ನಿಮಿಷ ಓಡಿದ ಮೇಲೆ ಯೂನಿಟ್‌ನ ಮೇಲ್ಭಾಗದಲ್ಲಿ ಒಳಹೋಗುವ ಗಾಳಿಯ ಉಷ್ಣಾಂಶ, ಕೆಳಗೆ ಹೊರಬರುವ ಗಾಳಿಯ ಉಷ್ಣಾಂಶ ನೋಡಿ. ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಸಾಕು. ವ್ಯತ್ಯಾಸ 8ರಿಂದ 12 ಡಿಗ್ರಿ ಇದ್ದರೆ ಸಾಮಾನ್ಯವಾಗಿ ಸರಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ವ್ಯತ್ಯಾಸ ಕಡಿಮೆ ಬರುತ್ತದೆ, ಯಾಕೆಂದರೆ ತಂಪಿನ ಒಂದು ಪಾಲು ಆ ತೇವವನ್ನು ನೀರಾಗಿಸುವುದಕ್ಕೇ ಖರ್ಚಾಗುತ್ತದೆ.

ನೀರಿನ ತೊಂದರೆಗೆ ಹೆಚ್ಚಿನ ಸಲ ಡ್ರೈನ್ ದಾರಿಯೇ (ನೀರು ಹೊರಹೋಗುವ ಪೈಪು) ಕಾರಣ. ಕಾಯಿಲ್ (ಗಾಳಿ ತಣ್ಣಗಾಗಿಸುವ ಕೊಳವೆಗಳ ಸಾಲು) ಮೇಲಿನ ಧೂಳು ನೀರಿನ ಜೊತೆ ಕೆಳಗಿನ ಟ್ರೇಗೆ ಇಳಿದು ಲೋಳೆಯಾಗಿ ಪೈಪಿನ ಬಾಯಿ ಮುಚ್ಚುತ್ತದೆ. ಹೊರಗಿನ ತುದಿಗೆ ನೀರು ಹೀರುವ ವ್ಯಾಕ್ಯೂಮ್ ಕ್ಲೀನರ್ ಹಿಡಿದು, ಸಂದಿಗೆ ಬಟ್ಟೆ ಸುತ್ತಿ, ಒಂದೆರಡು ನಿಮಿಷ ಎಳೆಯಿರಿ. ಹೊರಗಿನಿಂದ ಒಳಕ್ಕೆ ಜೋರಾಗಿ ಊದಬೇಡಿ. ಟ್ರೇಗೆ ಸೇರುವ ಜಾಗದಲ್ಲಿ ಪೈಪು ಕಳಚಿಕೊಂಡರೆ ನೀರು ಗೋಡೆಯೊಳಗೇ ಇಳಿಯುತ್ತದೆ. ಆಮೇಲೆ ಅರ್ಧ ಲೀಟರ್ ನೀರನ್ನು ಟ್ರೇಗೆ ನಿಧಾನವಾಗಿ ಬಿಟ್ಟು ಹೊರಗೆ ಅಷ್ಟೂ ಬರುತ್ತದಾ ನೋಡಿ. ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು ಇರಬೇಕು, ಮಧ್ಯೆ ಎಲ್ಲೂ ಮೇಲೇಳಬಾರದು, ತುದಿ ಬಕೆಟ್ ನೀರಲ್ಲಿ ಮುಳುಗಿರಬಾರದು. ಶುಚಿಗೆ ವಿನಿಗರ್ ಹಾಕಬಹುದು.

ಉತ್ತರ 2

ಮೇಲಿನ ಉತ್ತರದಲ್ಲಿ ವಿನಿಗರ್ ಒಂದನ್ನು ಮಾತ್ರ ಒಪ್ಪಲಾರೆ. ಅಸಿಟಿಕ್ ಆಮ್ಲದ ಆವಿ ತೇವದ ಜೊತೆ ಸೇರಿದರೆ ತಾಮ್ರದ ಕೊಳವೆಯಲ್ಲಿ ಇರುವೆ ಗೂಡಿನಂಥ ಸಣ್ಣ ಸಣ್ಣ ರಂಧ್ರ ಕೊರೆಯುತ್ತದೆ. ಆ ಲೀಕ್ ಕಣ್ಣಿಗೆ ಕಾಣುವುದೇ ಇಲ್ಲ. ಬ್ಲೀಚ್ ಕೂಡ ಬೇಡ, ಅಲ್ಯೂಮಿನಿಯಂ ತಿನ್ನುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನಾಲ್ಕೈದು ಹನಿ ಸಾಕು.

ಪ್ರಶ್ನೆ ಕೇಳಿದವರು

ಡ್ರೈನ್ ಎಳೆದಾಗ ಕಪ್ಪು ಲೋಳೆ ಬಂತು, ಈಗ ಅರ್ಧ ಲೀಟರ್ ಪೂರ್ತಿ ಹೊರಗೆ ಹೋಗುತ್ತಿದೆ. ಆದರೂ ರಾತ್ರಿ ಪೂರ್ತಿ ಓಡಿದ ಮೇಲೆ ಆಫ್ ಮಾಡಿದರೆ ಸ್ವಲ್ಪ ನೀರು ಬೀಳುತ್ತದೆ. ಅಳತೆ: ಮೇಲೆ 28, ಕೆಳಗೆ 12. ವ್ಯತ್ಯಾಸ 16 ಇದೆ, ಅಂದರೆ ಮಷೀನು ಚೆನ್ನಾಗಿಯೇ ಇದೆ ಅಂತಲೇ?

ಉತ್ತರ 2 ಬರೆದವರು

ಚೆನ್ನಾಗಿದೆ ಅಂತಲ್ಲ, ಗಾಳಿ ಸಾಲುತ್ತಿಲ್ಲ ಅಂತ. ಕಡಿಮೆ ಗಾಳಿ ಕಾಯಿಲ್ ಮೇಲೆ ನಿಧಾನವಾಗಿ ಹಾಯ್ದರೆ ಅತಿಯಾಗಿ ತಣ್ಣಗಾಗಿಯೇ ಬರುತ್ತದೆ. ಗ್ಯಾಸ್ ಕಮ್ಮಿಯಾಗಿದ್ದರೆ ಈ ವ್ಯತ್ಯಾಸ 4-5ಕ್ಕೆ ಇಳಿಯಬೇಕಿತ್ತು. ನಿಮ್ಮದು ಉಲ್ಟಾ ಇದೆ. ಕಾಯಿಲ್ ಸೊನ್ನೆಗಿಂತ ಕೆಳಗಿಳಿದು ಐಸ್ ಕಟ್ಟುತ್ತಿದೆ, ಆಫ್ ಮಾಡಿದಾಗ ಅದು ಕರಗಿ ಟ್ರೇಯ ಆಚೆಗೂ ಬೀಳುತ್ತಿದೆ. ಐಸ್ ಕಟ್ಟುವ ರೀತಿಯಲ್ಲೂ ಸುಳಿವಿದೆ: ಕಾಯಿಲ್ ಪೂರ್ತಿ ಒಂದೇ ಸಮ ಕಟ್ಟಿದರೆ ಗಾಳಿಯ ಕೊರತೆ. ಗ್ಯಾಸ್ ಒಳಬರುವ ಕಡೆ ಮಾತ್ರ ಕಟ್ಟಿ ಉಳಿದದ್ದು ಬೆಚ್ಚಗಿದ್ದರೆ ಆಗ ಗ್ಯಾಸ್ ಕೊರತೆಯ ಅನುಮಾನ.

ಫಿಲ್ಟರ್ ತೊಳೆದರೂ ಗಾಳಿ ಕಮ್ಮಿ ಅಂದರೆ ಬ್ಲೋವರ್ (ಒಳಗಿನ ಯೂನಿಟ್‌ನ ಫ್ಯಾನ್) ನೋಡಲೇಬೇಕು. ಉರುಳೆಯಂತಿರುವ ಅದರ ಸಣ್ಣ ರೆಕ್ಕೆಗಳ ಗುಳಿಯಲ್ಲಿ ಧೂಳು ಕೂತುಬಿಟ್ಟರೆ ಮೋಟರ್ ಅದೇ ವೇಗದಲ್ಲಿ ತಿರುಗುತ್ತದೆ, ಗಾಳಿ ಮಾತ್ರ ತಳ್ಳುವುದಿಲ್ಲ. ವಾಸನೆಯ ಮೂಲವೂ ಅದೇ. ಎಸಿಯ ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ 10 ನಿಮಿಷ ಬಿಟ್ಟು (ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಇನ್ವರ್ಟರ್ ಮಷೀನಿನ ಕೆಪಾಸಿಟರ್‌ಗಳಲ್ಲಿ ಅಪಾಯದ ವೋಲ್ಟೇಜ್ ಉಳಿದಿರುತ್ತದೆ), ಗಾಳಿ ಬರುವ ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿ. ಪದರ ತೆಳುವಾಗಿದ್ದರೆ ಮೆತ್ತನೆ ಬ್ರಷ್‌ನಿಂದ ಒಂದೊಂದೇ ರೆಕ್ಕೆ ಉಜ್ಜಿ. ಅರ್ಧ ಉಜ್ಜಿ ಬಿಡಬೇಡಿ, ತೂಕ ಏರುಪೇರಾಗಿ ನಡುಗುತ್ತದೆ. ರೆಕ್ಕೆಗೆ ಸಣ್ಣ ಕ್ಲಿಪ್ ಸಿಕ್ಕಿಸಿದ್ದರೆ ತೆಗೆಯಬೇಡಿ, ಅದು ಸಮತೂಕಕ್ಕೇ ಹಾಕಿದ್ದು. ಗಟ್ಟಿ ಪದರವಿದ್ದರೆ ತಂತ್ರಜ್ಞರು ಬ್ಲೋವರ್ ಬಿಚ್ಚಿ ತೊಳೆಯಲಿ. ಜೆಟ್ ಪಂಪು ಬಳಸಿದರೆ ಸರ್ಕ್ಯೂಟ್ ಬೋರ್ಡ್ ಮತ್ತು ಮೋಟರ್‌ಗೆ ಪ್ಲಾಸ್ಟಿಕ್ ಸುತ್ತಲೇಬೇಕು, ಕಾಯಿಲ್‌ನ ಫಿನ್‌ಗಳಿಗೆ (ತೆಳು ಲೋಹದ ಹಾಳೆಗಳಿಗೆ) ನೀರು ನೇರಕ್ಕೆ ಬೀಳಬೇಕು. ಓರೆಯಾಗಿ ಬಿದ್ದರೆ ಫಿನ್ ಮಡಚಿ ಗಾಳಿಯ ದಾರಿ ಕಿರಿದಾಗುತ್ತದೆ.

ಫಿಲ್ಟರ್ ದಿನವೂ ಓಡುವ ಕಾಲದಲ್ಲಿ ತಿಂಗಳಿಗಲ್ಲ, ಎರಡು ವಾರಕ್ಕೊಮ್ಮೆ. ನೀರು ಹಿಂಬದಿಯಿಂದ ಬಿಡಿ, ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೇ ಹಾಕಿ.

ಉತ್ತರ 3

ಗ್ಯಾಸಿನ ಬಗ್ಗೆ ನೇರವಾಗಿ ಹೇಳುತ್ತೇನೆ: ಅದು ಎಂಜಿನ್ ಆಯಿಲ್ ಅಲ್ಲ, ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ನಿಜಕ್ಕೂ ಕಮ್ಮಿಯಾಗಿದ್ದರೆ ಲೀಕ್ ಇದೆ, ಲೀಕ್ ಹುಡುಕದೆ ತುಂಬುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ. ಇನ್ವರ್ಟರ್ ಮಷೀನಿನಲ್ಲಿ ಕಂಪ್ರೆಸರ್ ವೇಗ ಬದಲಾದಂತೆ ಒತ್ತಡವೂ ಬದಲಾಗುತ್ತದೆ, ಹಾಗಾಗಿ ಗೇಜ್ ಒಂದನ್ನೇ ನೋಡಿ "ಕಮ್ಮಿ" ಅನ್ನುವುದು ಸರಿಯಲ್ಲ. ಹೆಚ್ಚು ತುಂಬಿದರೂ ಕಂಪ್ರೆಸರ್‌ಗೆ ಕೇಡು.

ಮೊದಲು ಎರಡೂ ಯೂನಿಟ್‌ಗಳ ಫ್ಲೇರ್ ನಟ್ (ತಾಮ್ರದ ಪೈಪು ಯೂನಿಟ್‌ಗೆ ಸೇರುವ ಕಡೆಯ ನಟ್) ಹತ್ತಿರ ಎಣ್ಣೆ ಜಿಡ್ಡು ಇದೆಯಾ ನೋಡಿ. ಗ್ಯಾಸ್ ಸೋರುವಾಗ ಜೊತೆಗೆ ಎಣ್ಣೆಯನ್ನೂ ತರುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರಬಹುದು. ನಟ್ ಅನ್ನು ನೀವೇ ಬಿಗಿಯಬೇಡಿ. ಕಾಲು ಇಂಚಿನದಕ್ಕೆ ಸುಮಾರು 14-18 ನ್ಯೂಟನ್-ಮೀಟರ್ ಬಿಗಿ ಸಾಕು, ಅದಕ್ಕೂ ಮೀರಿದರೆ ತಾಮ್ರದ ಅಂಚು ಸೀಳುತ್ತದೆ. ಲೀಕ್ ಸಿಕ್ಕಿದರೆ ಕೆಲಸದ ಕ್ರಮ ಇದು: ಉಳಿದ ಗ್ಯಾಸನ್ನು ಸಿಲಿಂಡರಿಗೆ ವಾಪಸ್ ಎಳೆದುಕೊಂಡು ದುರಸ್ತಿ, ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ, 500 ಮೈಕ್ರಾನ್‌ಗಿಂತ (ವ್ಯಾಕ್ಯೂಮ್ ಅಳೆಯುವ ಮಾನ) ಕೆಳಗೆ ವ್ಯಾಕ್ಯೂಮ್, ಪಂಪ್ ನಿಲ್ಲಿಸಿದ ಮೇಲೂ ಅದು ಏರದೆ ನಿಲ್ಲುತ್ತದಾ ಎಂಬ ಪರೀಕ್ಷೆ, ಕೊನೆಗೆ ಹೊರಗಿನ ಯೂನಿಟ್‌ನ ಫಲಕದಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ತುಂಬುವುದು. ಫಲಕದ ಲೆಕ್ಕ ನಿರ್ದಿಷ್ಟ ಉದ್ದದ ಪೈಪಿಗೆ ಮಾತ್ರ, ಪೈಪು ಅದಕ್ಕಿಂತ ಉದ್ದವಿದ್ದರೆ ಮೀಟರಿಗೆ ಎಷ್ಟು ಸೇರಿಸಬೇಕೆಂದು ಕೈಪಿಡಿಯಲ್ಲಿರುತ್ತದೆ. ತಕ್ಕಡಿ ತರದವರಿಗೆ ಈ ಕೆಲಸ ಕೊಡಬೇಡಿ. ಆರ್‌32 ಹೊತ್ತಿಕೊಳ್ಳುವ ಗುಣದ್ದು, ಒಳಗೆ ಗ್ಯಾಸ್ ಇರುವಾಗ ಬೆಸುಗೆಯ ಬೆಂಕಿ ಹತ್ತಿರವೂ ಬರಬಾರದು.

ಉತ್ತರ 1 ಬರೆದವರು

ವಿನಿಗರ್ ವಿಚಾರ ಒಪ್ಪಿದೆ, ತಿದ್ದಿದ್ದಕ್ಕೆ ಧನ್ಯವಾದ.

ಬಿಸಿ ಮೋಡ್ ಬಗ್ಗೆ: ಆಗ ಹೊರಗಿನ ಕಾಯಿಲ್ ತಣ್ಣಗಾಗಿ ಅಲ್ಲೇ ಐಸ್ ಕಟ್ಟುತ್ತದೆ. ಮಷೀನು ಆಗಾಗ ಗ್ಯಾಸ್ ಹರಿಯುವ ದಿಕ್ಕು ತಿರುಗಿಸಿ 5-10 ನಿಮಿಷ ಅದನ್ನು ಕರಗಿಸುತ್ತದೆ. ಒಳಗಿನ ಫ್ಯಾನ್ ನಿಲ್ಲುವುದು, ಹೊರಗೆ ಆವಿ ಏಳುವುದು, ನೀರು ಸುರಿಯುವುದು ಎಲ್ಲವೂ ಸಹಜ. ಗಂಟೆಗಟ್ಟಲೆ ಐಸ್ ಕರಗದಿದ್ದರೆ ಮಾತ್ರ ದೋಷ. ಐಸನ್ನು ಚಾಕುವಿನಿಂದ ಕೆರೆಯಬೇಡಿ, ಕುದಿಯುವ ನೀರು ಸುರಿಯಬೇಡಿ. ಹೊರಗಿನ ಯೂನಿಟ್‌ನ ತಳದ ರಂಧ್ರಗಳಲ್ಲಿ ಎಲೆ, ಮಣ್ಣು ತೆಗೆಯಿರಿ. ಹಿಂದೆ 10-15 ಸೆಂ.ಮೀ., ಮುಂದೆ ಕನಿಷ್ಠ 60 ಸೆಂ.ಮೀ. ಜಾಗ ಬಿಡಿ, ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೆ ಮರೆಯದೆ ತೆಗೆಯಿರಿ.

ಪ್ರಶ್ನೆ ಕೇಳಿದವರು

ಬ್ಲೋವರ್ ಬಿಚ್ಚಿಸಿ ತೊಳೆಸಿದೆವು, ಪದರ ಗಟ್ಟಿಯಾಗಿಯೇ ಇತ್ತು. ಫ್ಲೇರ್ ನಟ್‌ಗಳಲ್ಲಿ ಜಿಡ್ಡಿಲ್ಲ, ಗುಳ್ಳೆ ಬರಲಿಲ್ಲ. ಈಗ ಮೇಲೆ 28, ಕೆಳಗೆ 17. ನೀರು ನಿಂತಿದೆ. ವಾಸನೆ ಮಾತ್ರ ತುಸು ಉಳಿದಿದೆ.

ಉತ್ತರ 2 ಬರೆದವರು

11 ಡಿಗ್ರಿ, ಗಾಳಿಯೂ ಪೂರ್ತಿ: ಗ್ಯಾಸ್ ಮುಟ್ಟಿಸಬೇಡಿ. ವಾಸನೆಗೆ, ಎಸಿ ಆಫ್ ಮಾಡುವ ಮುಂಚೆ 30 ನಿಮಿಷ ಬರೀ ಫ್ಯಾನ್ ಮೋಡ್ ಓಡಿಸಿ ಕಾಯಿಲ್ ಒಣಗಿಸಿ. 28-17 ಅನ್ನು ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ, ಮುಂದಿನ ಸಲ "ಗ್ಯಾಸ್ ಕಮ್ಮಿ" ಅಂದಾಗ ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಅಳೆದು ಪಕ್ಕದಲ್ಲಿಟ್ಟು ನೋಡಿ.