ಫ್ರೇಮಿಂಗ್‌ಹ್ಯಾಮ್ ಅಧ್ಯಯನ: ಆರೋಗ್ಯದ ಕಡತದಲ್ಲಿ ಗೆಳೆಯರ ಹೆಸರು

ಪ್ರಶ್ನೆ:
ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ 5,209 ಜನರೊಂದಿಗೆ ಆರಂಭವಾದ ಹೃದಯರೋಗದ ಅಧ್ಯಯನಕ್ಕೆ 1971ರಲ್ಲಿ ಅವರ ಮಕ್ಕಳೂ 2002ರಲ್ಲಿ ಮೊಮ್ಮಕ್ಕಳೂ ಸೇರಿದರು. ರಕ್ತದೊತ್ತಡ, ಕೊಲೆಸ್ಟರಾಲ್ ಅಳತೆಗಳ ಜೊತೆಗೆ ಜನರ ನಡವಳಿಕೆಯ ಮಾಹಿತಿಯನ್ನು ಹೇಗೆ ಜೋಡಿಸಿದರು? ಅದರಿಂದ ಬಂದ ತೀರ್ಮಾನಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ 1:
ಧೂಮಪಾನದಂಥ ಅಭ್ಯಾಸಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಆದರೆ ನನ್ನ ಗಮನ ಸೆಳೆದದ್ದು ಬೇರೊಂದು ಹಾಳೆ. ಮುಂದಿನ ತಪಾಸಣೆಯ ಹೊತ್ತಿಗೆ ವ್ಯಕ್ತಿಯು ಊರು ಬಿಟ್ಟಿದ್ದರೆ ಪತ್ತೆಹಚ್ಚಲು ಅನುಕೂಲವಾಗಲೆಂದು ಸಿಬ್ಬಂದಿ ನಂಟರ ಮತ್ತು ಆಪ್ತ ಗೆಳೆಯರ ಹೆಸರನ್ನು ಅದರಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಸಂಶೋಧಕರಾದ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಆ ಹಾಳೆಗಳಿಂದ 12,067 ಜನರ ಸಂಬಂಧಜಾಲವನ್ನು ಕಟ್ಟಿ, ಅದನ್ನು ತೂಕದ ದಾಖಲೆಗಳೊಂದಿಗೆ ಹೊಂದಿಸಿ, ಗೆಳೆಯನು ಸ್ಥೂಲಕಾಯನಾದರೆ ತಾನೂ ಹಾಗಾಗುವ ಸಂಭವವು ಶೇ. 57ರಷ್ಟು ಹೆಚ್ಚುತ್ತದೆಂದು 2007ರಲ್ಲಿ ಪ್ರಕಟಿಸಿದರು.

ಉತ್ತರ 2:
ಆ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ಒಂದೇ ಬಗೆಯ ಅಭಿರುಚಿಯುಳ್ಳವರು ಗೆಳೆಯರಾಗುವುದು ಸಹಜ. ಒಂದೇ ಪರಿಸರದ ಊಟ, ಓಡಾಟಗಳು ಇಬ್ಬರ ತೂಕವನ್ನೂ ಒಟ್ಟಿಗೆ ಏರಿಸಬಲ್ಲವು. ಇವನ್ನು ಗೆಳೆಯನ ಪ್ರಭಾವದಿಂದ ಬೇರ್ಪಡಿಸಿ ತೋರಿಸುವುದು ಕಷ್ಟವೆಂಬ ಟೀಕೆ ಬಂದಿದೆ, ಅದು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಅಲ್ಲದೆ, ವಿಳಾಸ ಪತ್ತೆಗೆಂದು ಕೊಟ್ಟ ಹೆಸರು ಮುಂದೆ ಸಂಶೋಧನೆಯ ಸಾಮಗ್ರಿಯಾಗುವುದಾದರೆ ಸಮ್ಮತಿಪತ್ರದಲ್ಲಿ ಅದಕ್ಕೆ ಅವಕಾಶವಿತ್ತೇ ಎಂದು ಪ್ರತಿ ಸಲವೂ ಕೇಳಬೇಕು.

ಉತ್ತರ 3:
ಮೊದಲ ತಲೆಮಾರಿನವರು ಬಹುಪಾಲು ಯೂರೋಪ್ ಮೂಲದ ಬಿಳಿಯರೇ ಆಗಿದ್ದರು. ಈ ಕೊರತೆಯನ್ನು ತುಂಬಲು 1994ರಲ್ಲಿ ಇತರ ಜನಾಂಗಗಳ ನಿವಾಸಿಗಳನ್ನು ಪ್ರತ್ಯೇಕ ಗುಂಪಾಗಿ ಸೇರಿಸಿಕೊಂಡರು.