ಮೆಟ್ಟಿಲ ಪಕ್ಕದ ಕಿಟಕಿಗೆ ಟಫನ್ಡ್ ಗಾಜು ಸಾಕಾ, ಲ್ಯಾಮಿನೇಟೆಡ್ ಬೇಕಾ?

ಹೊಸಮನೆ_ಹಾಸನ:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಗಾರೆ ಕೆಲಸ ಮುಗಿಯುತ್ತಾ ಬಂತು, ಇನ್ನು ಕಿಟಕಿ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಯವರ ಕೊಟೇಶನ್‌ನಲ್ಲಿ ಎಲ್ಲದಕ್ಕೂ "5 ಎಂಎಂ ಕ್ಲಿಯರ್", ಅಂದರೆ ಸಾದಾ ಗಾಜು, ಅಂತ ಒಂದೇ ಸಾಲು. ಕೇಳಿದ್ದಕ್ಕೆ "ಬೇಕಾದ್ರೆ ಟಫನ್ ಹಾಕಿ ಕೊಡ್ತೀವಿ ಸರ್, ಒಡೆಯೋದೇ ಇಲ್ಲ" ಅಂದರು.

ನನಗೆ ಚಿಂತೆ ಮೂರು ಕಡೆ. ಮೆಟ್ಟಿಲು ತಿರುಗುವ ಜಾಗದಲ್ಲಿ 4 ಅಡಿ ಅಗಲ, 7 ಅಡಿ ಎತ್ತರದ ಕಿಟಕಿ ಇದೆ. ನೆಲದಿಂದ ಒಂದೇ ಅಡಿ ಮೇಲೆ ಗಾಜು ಶುರು. ಹೊರಗೆ 9 ಅಡಿ ಕೆಳಗೆ ಸಿಮೆಂಟ್ ನೆಲ. ಎರಡನೆಯದು ತಲೆಬಾಗಿಲ ಪಕ್ಕದ ಒಂದಡಿ ಅಗಲದ ಗಾಜಿನ ಪಟ್ಟಿ. ಮೂರನೆಯದು ಮೇಲಿನ ಬಾಲ್ಕನಿಯ ಸ್ಲೈಡಿಂಗ್ ಬಾಗಿಲು.

ಇಷ್ಟು ಹೆದರೋಕೆ ಕಾರಣ ಇದೆ. ಹೋದ ವರ್ಷ ಅಣ್ಣನ ಮನೆ ಗೃಹಪ್ರವೇಶದ ದಿನ ಅವನ ಮಗ ಬಾಗಿಲು ತೆಗೆದಿದೆ ಅಂದುಕೊಂಡು ಬಾಲ್ಕನಿಗೆ ಓಡಿದ. ಸಾದಾ ಗಾಜು. ಕೈಗೆ 14 ಹೊಲಿಗೆ. ಬಡಿಸಿದ್ದ ಹೋಳಿಗೆ ಎಲೆಯಲ್ಲೇ ಉಳಿಯಿತು.

ಗಾಜಿನಂಗಡಿ:

ಸರ್, ಮೈಸೂರಿನಲ್ಲಿ 22 ವರ್ಷದಿಂದ ಗಾಜು ಕೂರಿಸುತ್ತಿದ್ದೇನೆ. ಒಡೆಯದ ಗಾಜನ್ನು ನಾನಿನ್ನೂ ನೋಡಿಲ್ಲ. ಒಡೆದ ಮೇಲೆ ಏನಾಗುತ್ತದೆ ಅಂತ ನೋಡಿ ಆರಿಸಬೇಕು.

ನಿಮ್ಮ ಕಾರನ್ನೇ ನೋಡಿ. ಪಕ್ಕದ ಗಾಜು ಒಡೆದರೆ ಕಲ್ಲುಸಕ್ಕರೆ ಥರ ಪುಡಿಯಾಗಿ ಸೀಟಿನ ಮೇಲೆ ಸುರಿಯುತ್ತದೆ. ಅದು ಟಫನ್ಡ್. ಮುಂದಿನ ಗಾಜಿಗೆ ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಆದರೆ ಜಾಗದಲ್ಲೇ ಇರುತ್ತದೆ. ಅದು ಲ್ಯಾಮಿನೇಟೆಡ್. ಎರಡು ಗಾಜಿನ ಮಧ್ಯೆ ಪಿವಿಬಿ ಅಂತ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ.

ಟಫನ್ಡ್ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ನಿಜ. ಆದರೆ ಒಡೆದರೆ ಚೌಕಟ್ಟು ಖಾಲಿ! ನಿಮ್ಮ ಮೆಟ್ಟಿಲ ಹತ್ತಿರ ಮಗು ಜಾರಿ ಗಾಜಿಗೆ ಹೋಗಿ ಬಡಿದರೆ ಗಾಯ ಜಾಸ್ತಿ ಆಗದೇ ಇರಬಹುದು, ಆದರೆ ಮಗು 9 ಅಡಿ ಕೆಳಗೆ ಬೀಳುತ್ತದಲ್ವಾ? ನಾನು ನೋಡುವ ಲೆಕ್ಕ ಇಷ್ಟೇ. ಗಾಜು ನೆಲದಿಂದ 75 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿಗಿಂತ ಕೆಳಗೆ ಶುರುವಾಗಿ, ಆಚೆ ಕಡೆ ಒಂದೂವರೆ ಮೀಟರ್‌ಗಿಂತ ಜಾಸ್ತಿ ಆಳ ಇದ್ದರೆ ಲ್ಯಾಮಿನೇಟೆಡ್ಡೇ ಹಾಕಬೇಕು. ಆಚೆ ಕಡೆ ಸಮನೆಲ ಇದ್ದರೆ ಟಫನ್ಡ್ ಸಾಕು.

ಮೆಟ್ಟಿಲ ಕಿಟಕಿಗೆ 5+5 ಎಂಎಂ ಲ್ಯಾಮಿನೇಟೆಡ್, ಮಧ್ಯೆ 1.52 ಎಂಎಂ ಹಾಳೆ ಕೇಳಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಅದೊಂದೇ ಗಾಜು 65 ಕೆಜಿ ತೂಗುತ್ತದೆ. 5 ಎಂಎಂಗೆ ಅಂತ ಮಾಡಿದ ಬೀಡಿಂಗ್‌ನಲ್ಲಿ (ಫ್ರೇಮಿನಲ್ಲಿ ಗಾಜು ಹಿಡಿಯುವ ಪಟ್ಟಿ) ಅದು ಕೂರುವುದೂ ಇಲ್ಲ. ಫ್ರೇಮ್ ಮಾಡುವ ಮೊದಲೇ ಹೇಳಿ. ಒಳಗಡೆ ಮೂರೂವರೆ ಅಡಿ ಎತ್ತರಕ್ಕೆ ಒಂದು ಸ್ಟೀಲ್ ಕಂಬಿಯೂ ಇರಲಿ.

ಟಫನ್ ಆದಮೇಲೆ ಗಾಜನ್ನು ಕೂದಲೆಳೆಯಷ್ಟೂ ಕತ್ತರಿಸೋಕೆ ಆಗಲ್ಲ, ತೂತು ಕೊರೆಯೋಕೂ ಆಗಲ್ಲ. "ಕಾಲಿಂಚು ಉಜ್ಜಿ ಕೊಡ್ರಿ" ಅಂತ ಬಂದವರನ್ನು ಸುಮಾರು ಜನರನ್ನು ವಾಪಸ್ ಕಳಿಸಿದ್ದೇನೆ. ಹಾಗಾಗಿ ಗಾರೆ ಪೂರ್ತಿ ಮುಗಿದ ಮೇಲೇ ಅಳತೆ ಕೊಡಿ.

ಕಡಲಬದಿ:

ಸ್ಲೈಡಿಂಗ್ ಬಾಗಿಲ ಬಗ್ಗೆ ನನ್ನದೊಂದು ಅನುಭವ. ಮಂಗಳೂರಿನಲ್ಲಿ ನಮ್ಮದು ನಾಲ್ಕನೇ ಮಹಡಿ. ರಾತ್ರಿ ಎರಡೂವರೆಗೆ ಪಟಾಕಿ ಹೊಡೆದ ಹಾಗೆ ಸದ್ದು. ಎದ್ದು ಬಂದು ನೋಡಿದರೆ ಟಫನ್ಡ್ ಬಾಗಿಲು ಪೂರ್ತಿ ಪುಡಿಪುಡಿ. ಗಾಳಿ ಇಲ್ಲ, ಮಳೆ ಇಲ್ಲ, ಯಾರೂ ಮುಟ್ಟಿಲ್ಲ. ನಮ್ಮತ್ತೆ ದೃಷ್ಟಿ ಅಂದರು, ಬೆಳಿಗ್ಗೆ ಕುಂಬಳಕಾಯಿ ಒಡೆಸಿದರು. ಎರಡು ವಾರ ಆದಮೇಲೂ ಸೋಫಾ ಸಂದಿಯಲ್ಲಿ ಚೂರು ಸಿಗುತ್ತಿತ್ತು.

ಗಾಜಿನಂಗಡಿ:

ಮೇಡಂ, ಅಪರೂಪ, ಆದರೆ ಆಗುತ್ತದೆ. ಗಾಜಿನೊಳಗೆ ನಿಕಲ್ ಸಲ್ಫೈಡ್‌ನ ಸಣ್ಣ ಕಣ ಸಿಕ್ಕಿಕೊಂಡಿದ್ದರೆ ಅದು ನಿಧಾನಕ್ಕೆ ಹಿಗ್ಗುತ್ತದೆ, ಒಂದು ದಿನ ಒಳಗಿನಿಂದಲೇ ಒಡೆಯುತ್ತದೆ. ದೊಡ್ಡ ಕೆಲಸಗಳಲ್ಲಿ ಗಾಜನ್ನು 290 ಡಿಗ್ರಿಯ ಹತ್ತಿರ ಕಾಯಿಸಿ ನೋಡುತ್ತಾರೆ, ಒಡೆಯುವಂಥದ್ದು ಬಹುಪಾಲು ಅಲ್ಲೇ ಒಡೆದು ಹೋಗಲಿ ಅಂತ. ಅದಕ್ಕೆ ಹೀಟ್ ಸೋಕ್ ಅಂತಾರೆ. ಇನ್ನೊಂದು ಕಾರಣ ಅಂಚಿಗೆ ಬಿದ್ದ ಪೆಟ್ಟು. ಟಫನ್ಡ್ ಗಾಜಿನ ಜೀವ ಇರೋದೇ ಅಂಚಿನಲ್ಲಿ. ಕೂರಿಸುವಾಗ ಕೆಳಗೆ ರಬ್ಬರ್ ತುಂಡು ಇಡದೆ ಫ್ರೇಮಿನ ಕಬ್ಬಿಣಕ್ಕೆ ತಾಗಿಸಿದರೆ ಇವತ್ತಲ್ಲ ನಾಳೆ ತೊಂದರೆ.

ಬಸವನಗುಡಿ_ಬೀಗ:

ತಲೆಬಾಗಿಲ ಪಟ್ಟಿಗೆ ಟಫನ್ಡ್ ಹಾಕಬೇಡಿ. ಒಂದು ಚೂಪಾದ ಪೆಟ್ಟು ಸಾಕು, ಪೂರ್ತಿ ಉದುರುತ್ತದೆ. ಕೈ ಒಳಗೆ ಹಾಕಿ ಚಿಲಕ ತೆಗೆಯೋದು ಎಷ್ಟು ಹೊತ್ತು? ಲ್ಯಾಮಿನೇಟೆಡ್ ಆದರೆ ಕಳ್ಳ ಬಡೀತಾನೇ ಇರಬೇಕು, ಅಷ್ಟರಲ್ಲಿ ಬೀದಿ ನಾಯಿಗಳೆಲ್ಲ ಎದ್ದಿರುತ್ತವೆ.

ಹೊಸಮನೆ_ಹಾಸನ:

ತುಂಬಾ ಥ್ಯಾಂಕ್ಸ್. ಬಂದ ಗಾಜು ನಿಜವಾಗಲೂ ಟಫನ್ಡ್ ಹೌದೋ ಅಲ್ವೋ ಅಂತ ತಿಳಿಯೋದು ಹೇಗೆ ಅಣ್ಣ?

ಗಾಜಿನಂಗಡಿ:

ಮೂಲೆಯಲ್ಲಿ ಅಳಿಸಿಹೋಗದ ಮುದ್ರೆ ಇರಬೇಕು. ಐಎಸ್ 2553 (ಸೇಫ್ಟಿ ಗಾಜಿನ ಭಾರತೀಯ ಮಾನಕ) ಅಂತ ಐಎಸ್‌ಐ ಗುರುತು ನೋಡಿ. ಇನ್ನೊಂದು ಉಪಾಯ ಇದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಆಕಾಶದ ಬೆಳಕಿಗೆ ಗಾಜನ್ನು ಓರೆಯಾಗಿ ನೋಡಿ. ಟಫನ್ಡ್ ಆದರೆ ಮಸುಕು ಮಚ್ಚೆ, ಪಟ್ಟೆ ಕಾಣುತ್ತವೆ. ಬಿಸಿ ಗಾಜಿಗೆ ಗಾಳಿ ಊದಿ ತಣಿಸಿದ ಗುರುತು ಅದು. ಸಾದಾ ಗಾಜಿನಲ್ಲಿ ಏನೂ ಕಾಣಲ್ಲ.

ಲ್ಯಾಮಿನೇಟೆಡ್ ಕೂರಿಸುವಾಗ ಸಿಲಿಕೋನ್ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಬೇಡ, ಮಧ್ಯದ ಹಾಳೆಗೆ ಅದು ಆಗಿಬರಲ್ಲ, ಅಂಚಿನಲ್ಲಿ ಬಿಳಚಿಕೊಳ್ಳುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ತನ್ನಿ.

ಹೊಸಮನೆ_ಹಾಸನ (ಎರಡು ತಿಂಗಳ ನಂತರ):

ಗಾಜು ಬಂತು. ಮೆಟ್ಟಿಲಿಗೂ ತಲೆಬಾಗಿಲಿಗೂ ಲ್ಯಾಮಿನೇಟೆಡ್. ಬಾಲ್ಕನಿಗೆ ಟಫನ್ಡ್, ಆಚೆ ಹೇಗಿದ್ದರೂ ಬಾಲ್ಕನಿ ನೆಲ ಮತ್ತು ಕಟಕಟೆ ಇದೆ. ಬೆಡ್‌ರೂಮ್ ಕಿಟಕಿಗಳು ಮೂರಡಿ ಮೇಲೆ ಇವೆ, ಅಲ್ಲಿ ಸಾದಾ 5 ಎಂಎಂ ಬಿಟ್ಟು ದುಡ್ಡು ಉಳಿಸಿದೆ.

ಅಂಗಳದಲ್ಲಿ ಭಾಮೈದನ ಕನ್ನಡಕ ಹಾಕಿಕೊಂಡು ತಲೆ ಓರೆ ಮಾಡಿ ನಿಂತಿದ್ದು ನೋಡಿ ಮೇಸ್ತ್ರಿ ನಕ್ಕರು. ಬಾಲ್ಕನಿ ಬಾಗಿಲಿನ ಎರಡು ಗಾಜುಗಳಲ್ಲಿ ಒಂದರಲ್ಲಿ ಮಚ್ಚೆ ಕಂಡಿತು, ಇನ್ನೊಂದರಲ್ಲಿ ಇಲ್ಲ. ಅದರಲ್ಲಿ ಮುದ್ರೆಯೂ ಇರಲಿಲ್ಲ. ಕಿಟಕಿಯವರು "ಲೋಡ್ ಮಾಡುವಾಗ ಅದಲು ಬದಲಾಗಿದೆ" ಅಂದರು, ವಾಪಸ್ ತೆಗೆದುಕೊಂಡು ಹೋದರು. ಸದ್ಯಕ್ಕೆ ಆ ಕಡೆ ಪ್ಲೈವುಡ್ ಹಲಗೆ ನಿಲ್ಲಿಸಿದ್ದೇನೆ. ಹೊಸದು ಸೋಮವಾರ ಬರುತ್ತದಂತೆ. ಅಣ್ಣನ ಮಗನಿಗೆ ಬಾಗಿಲಿಗೆ ಅಂಟಿಸೋಕೆ ಸ್ಟಿಕ್ಕರ್ ಆರಿಸು ಅಂದೆ. ಡೈನೋಸಾರ್ ಬೇಕಂತೆ, ಅವನ ಕಣ್ಣಿನ ಎತ್ತರಕ್ಕೆ.